ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಹದಿಹರೆಯದವರ ಮನಸ್ಸಿನ ಸಂಕಟವನ್ನು ಕೇಳಿ ತಿಳಿಯುವುದು ಹೇಗೆ?

ಪ್ರಶ್ನೆ
ಸ್ಟಾಫ್ ನರ್ಸ್, ಕೋಲಾರ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆಯ ಒಂದು ಆಸ್ಪತ್ರೆಯಲ್ಲಿ ಕೀಮೋ ಕೊಡುವ ಡೇ ಕೇರ್ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದೇನೆ. ನಮ್ಮಲ್ಲಿಗೆ ಬರುವವರಲ್ಲಿ ಹೆಚ್ಚಿನವರು ನಡುವಯಸ್ಸು ದಾಟಿದವರು. ಆದರೆ ಬೆಂಗಳೂರಿನಲ್ಲಿ ರೋಗ ಪತ್ತೆಯಾಗಿ, ಅಲ್ಲಿನ ವೈದ್ಯರು ಬರೆದುಕೊಟ್ಟ ಕ್ರಮದಂತೆ ನಡುನಡುವಿನ ಡೋಸ್‌ಗಳನ್ನು ಇಲ್ಲಿ ಹಾಕಿಸಿಕೊಳ್ಳಲು ಬರುವ ಹದಿನೈದರಿಂದ ಇಪ್ಪತ್ತೈದು ವರ್ಷದವರೂ ಇದ್ದಾರೆ. ರಕ್ತದ ಕ್ಯಾನ್ಸರ್, ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್, ಮೊಣಕಾಲಿನ ಹತ್ತಿರದ ಮೂಳೆಯ ಗೆಡ್ಡೆ, ಈ ವಯಸ್ಸಿನವರಲ್ಲಿ ನಾವು ನೋಡುವುದು ಹೆಚ್ಚಾಗಿ ಇವನ್ನೇ.

ಪ್ರತಿಯೊಬ್ಬ ರೋಗಿಯ ಮನಸ್ಸಿನ ಸ್ಥಿತಿಯನ್ನೂ ವಿಚಾರಿಸಿ ಕೇಸ್ ಶೀಟ್‌ನಲ್ಲಿ ದಾಖಲಿಸಬೇಕೆಂದು ಇತ್ತೀಚೆಗೆ ನಮ್ಮ ವಿಭಾಗದಲ್ಲಿ ತೀರ್ಮಾನವಾಗಿ, ಮನಸ್ಸಿನ ಸಂಕಟ ಎಷ್ಟಿದೆಯೆಂದು ಸೊನ್ನೆಯಿಂದ ಹತ್ತರವರೆಗೆ ಗುರುತು ಹಾಕುವ ‘ಡಿಸ್ಟ್ರೆಸ್ ಥರ್ಮಾಮೀಟರ್’ ಹಾಳೆಯನ್ನು ನಮಗೆ ಕೊಟ್ಟಿದ್ದಾರೆ. ದೊಡ್ಡವರ ವಿಷಯದಲ್ಲಿ ಇದು ಒಂದು ಮಟ್ಟಿಗೆ ನಡೆಯುತ್ತಿದೆ. ಹುಡುಗ ಹುಡುಗಿಯರ ವಿಷಯದಲ್ಲಿ ಹಾಳೆ ತುಂಬುತ್ತದೆಯೇ ಹೊರತು ನನಗೆ ಏನೂ ತಿಳಿಯುವುದಿಲ್ಲ. ಪೆನ್ನು ತಂದೆಯ ಕೈಯಲ್ಲೋ ತಾಯಿಯ ಕೈಯಲ್ಲೋ ಇರುತ್ತದೆ. ‘ನಮ್ಮ ಹುಡುಗ ಧೈರ್ಯವಾಗಿದ್ದಾನೆ, ಒಂದು ಅಂತ ಹಾಕಿ’ ಎನ್ನುತ್ತಾರೆ, ಹುಡುಗ ಫೋನಿನಿಂದ ತಲೆ ಎತ್ತುವುದಿಲ್ಲ. ಮಕ್ಕಳನ್ನೇ ನೇರವಾಗಿ ಕೇಳಿದರೆ, ಪಕ್ಕದಲ್ಲಿ ಅಮ್ಮ ನಿಂತಿರುವಾಗ, ‘ಏನೂ ಇಲ್ಲ ಸಿಸ್ಟರ್’ ಎಂಬ ಉತ್ತರ ಬರುತ್ತದೆ. ಆದರೆ ಇದೇ ಮಕ್ಕಳು ಊಟ ಬಿಟ್ಟಿರುವುದನ್ನು, ಮುಂದಿನ ಡೋಸ್‌ಗೆ ಬರುವುದಿಲ್ಲವೆಂದು ಮನೆಯಲ್ಲಿ ಹಟ ಹಿಡಿದಿರುವುದನ್ನು ನಾವು ಆಮೇಲೆ ಕೇಳಿ ತಿಳಿಯುತ್ತೇವೆ.

ಇನ್ನೂ ಒಂದು ತೊಡಕಿದೆ. ಕೆಲವು ಮನೆಯವರು ಮಗುವಿಗೆ ಕಾಯಿಲೆಯ ಹೆಸರನ್ನೇ ಹೇಳಿರುವುದಿಲ್ಲ. ‘ರಕ್ತದಲ್ಲಿ ಸೋಂಕು’, ‘ಗಂಟು’ ಎಂದಷ್ಟೇ ಹೇಳಿ, ನಾವೂ ಹಾಗೆಯೇ ಹೇಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತಾರೆ. ಅಂಥ ಮಗುವಿನ ಮುಂದೆ ಈ ಹಾಳೆಯನ್ನು ಇಡುವುದು ಹೇಗೆ? ಈ ವಯಸ್ಸಿನವರಿಗೆ ಈ ಒಂದು ಅಂಕಿ ಸಾಕೇ, ಬೇರೆ ಪ್ರಶ್ನಾವಳಿ ಬೇಕೇ? ಹೆತ್ತವರ ಮನಸ್ಸು ನೋಯದಂತೆ ಮಗುವಿನೊಡನೆ ಒಂಟಿಯಾಗಿ ಮಾತನಾಡುವುದು ಹೇಗೆ? ಅಂಕಿ ಹೆಚ್ಚು ಬಂದರೆ, ಆಪ್ತಸಮಾಲೋಚಕರೇ ಇಲ್ಲದ ನಮ್ಮಂಥ ಕಡೆ ಮುಂದೇನು ಮಾಡಬೇಕು? ಈ ಕ್ಷೇತ್ರದಲ್ಲಿ ಅನುಭವವಿರುವವರು, ಚಿಕಿತ್ಸೆ ಪಡೆದವರು, ಹೆತ್ತವರು, ಯಾರೇ ಆಗಲಿ, ದಯವಿಟ್ಟು ಬರೆಯಿರಿ.

ಉತ್ತರ 1
ಮನೋವೈದ್ಯಕೀಯ ಸಮಾಜ ಕಾರ್ಯಕರ್ತ, ತುಮಕೂರು

ಸಿಸ್ಟರ್, ನಿಮ್ಮ ಮೊದಲ ಪ್ರಶ್ನೆಗೆ, ಅಂದರೆ ಯಾವ ಹಾಳೆ, ಎಷ್ಟು ಅಂಕಿ, ಯಾವಾಗ ಕೇಳಬೇಕು ಎಂಬುದಕ್ಕೆ ನಾನು ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ. ಹಾಳೆ ಎಲ್ಲಿಂದ ಬಂತೆಂದು ತಿಳಿದರೆ ಅದರಿಂದ ಎಷ್ಟನ್ನು ನಿರೀಕ್ಷಿಸಬಹುದೆಂಬುದೂ ತಿಳಿಯುತ್ತದೆ.

ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ರೋಗಿಗಳ ಮನೋವೈದ್ಯೆಯಾಗಿದ್ದ ಜಿಮ್ಮಿ ಹಾಲೆಂಡ್ ಮತ್ತು ಅವರ ಜೊತೆಗಾರರು ಈ ಥರ್ಮಾಮೀಟರನ್ನು ರೂಪಿಸಿದರು. ನೋವನ್ನು ಸೊನ್ನೆಯಿಂದ ಹತ್ತರಲ್ಲಿ ಹೇಳಲು ರೋಗಿಗೆ ಸಾಧ್ಯವಾದರೆ ಸಂಕಟವನ್ನೂ ಹಾಗೆಯೇ ಹೇಳಲು ಸಾಧ್ಯ ಎಂಬುದು ಅದರ ಹಿಂದಿನ ಆಲೋಚನೆ. 1998ರಲ್ಲಿ ಪ್ರಕಟವಾದ ಮೊದಲ ಪ್ರಯೋಗ ನಡೆದದ್ದು ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ ಗಂಡಸರಲ್ಲಿ. ಪ್ರಾಸ್ಟೇಟ್ ಕ್ಯಾನ್ಸರ್ ವಯಸ್ಸಾದವರ ಕಾಯಿಲೆಯೆಂಬುದು ನಿಮಗೆ ಗೊತ್ತೇ ಇದೆ. ಕಳೆದ ಒಂದು ವಾರದಲ್ಲಿ, ಇವತ್ತೂ ಸೇರಿದಂತೆ, ಎಷ್ಟು ಸಂಕಟವಾಗಿದೆ ಎಂದು ಕೇಳಿ, ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಮುಂದೆ ವಿಚಾರಿಸಬೇಕೆಂಬುದು ಸಾಮಾನ್ಯವಾಗಿ ಅನುಸರಿಸುವ ಕ್ರಮ. ಆದರೆ ಚಿಕಿತ್ಸೆ ಮುಗಿಸಿದ ಯುವಜನರಲ್ಲಿ ಈ ಅಂಕಿಯನ್ನು ತಜ್ಞರ ಸವಿವರ ಸಂದರ್ಶನದೊಂದಿಗೆ ಹೋಲಿಸಿ ನೋಡಿದಾಗ, ಯಾವ ಗಡಿ ಅಂಕಿಯೂ ಒಂಟಿಯಾಗಿ ನಂಬಿಕೆಗೆ ಸಾಲದೆಂದು ಕಂಡುಬಂದಿದೆ. ಆದ್ದರಿಂದ ಒಬ್ಬ ಹುಡುಗ ಎರಡು ಎಂದು ಗುರುತಿಸಿದ ಮಾತ್ರಕ್ಕೆ ಅವನನ್ನು ಬಿಟ್ಟು ಮುಂದಿನ ಹಾಸಿಗೆಗೆ ಹೋಗಬೇಡಿ.

ಆ ಹಾಳೆಯಲ್ಲಿ ಬೆಲೆಯುಳ್ಳ ಭಾಗ ಅಂಕಿಯ ಪಕ್ಕದಲ್ಲಿರುವ ತೊಂದರೆಗಳ ಪಟ್ಟಿ. ಅದು ಮನೆ ನಡೆಸುವ ದೊಡ್ಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಪಟ್ಟಿಯಾದ್ದರಿಂದ ನಮ್ಮ ಮಕ್ಕಳಿಗೆ ಹೊಂದುವುದಿಲ್ಲ. ಆಸ್ಟ್ರೇಲಿಯಾದ ‘ಕ್ಯಾಂಟೀನ್’ ಎಂಬ ಯುವ ಕ್ಯಾನ್ಸರ್ ರೋಗಿಗಳ ಸಂಸ್ಥೆ ಈ ವಯಸ್ಸಿನವರಿಗೆಂದೇ ಪ್ರತ್ಯೇಕ ತಪಾಸಣಾ ಹಾಳೆಯನ್ನು ಸಿದ್ಧಪಡಿಸಿದೆ. ಅದರ ದಾರಿಯಲ್ಲಿಯೇ ನಾವೂ ನಮ್ಮ ಪಟ್ಟಿಯನ್ನು ಮಾಡಿಕೊಳ್ಳಬಹುದು. ಪರೀಕ್ಷೆ ತಪ್ಪಿಹೋಗುವ ಚಿಂತೆ, ಗೆಳೆಯರು ದೂರವಾದದ್ದು, ಕೂದಲು ಮತ್ತು ಮೈಬಣ್ಣದ ಬದಲಾವಣೆ, ಕಾಲು ಉಳಿಯುತ್ತದೆಯೇ ಎಂಬ ಭಯ, ಮುಂದೆ ಮದುವೆ ಮತ್ತು ಮಕ್ಕಳಾಗುವ ಪ್ರಶ್ನೆ, ತನ್ನಿಂದ ಮನೆಗೆ ಸಾಲವಾಯಿತೆಂಬ ಕೊರಗು, ಊರಿನವರ ಮಾತು, ರಾತ್ರಿ ನಿದ್ದೆ ಬಾರದಿರುವುದು, ಇಷ್ಟನ್ನು ಸರಳ ಕನ್ನಡದಲ್ಲಿ ಬರೆದು, ಮುಂದೆ ಒಂದು ಚೌಕ ಹಾಕಿಕೊಟ್ಟರೆ ಬಾಯಲ್ಲಿ ಹೇಳಲಾಗದ ಹುಡುಗಿ ಗೀಟಾದರೂ ಎಳೆಯುತ್ತಾಳೆ. ಪರೀಕ್ಷೆಯ ಚಿಂತೆ ಇರುವವರಿಗೆ ಉತ್ತರ ನಮ್ಮ ಕೈಯಲ್ಲೇ ಇದೆಯೆಂಬುದನ್ನೂ ಮರೆಯಬಾರದು. ಎಸ್ಸೆಸ್ಸೆಲ್ಸಿಗೂ ದ್ವಿತೀಯ ಪಿಯುಸಿಗೂ ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದು ಕೀಮೋ ವಾರದಲ್ಲಿ ಬಂದರೆ ಮುಂದಿನದಕ್ಕೆ ಕೂರಬಹುದೆಂದು ಹೇಳಿ, ಶಾಲೆಗೆ ವೈದ್ಯರ ಪತ್ರ ಬರೆಸಿಕೊಟ್ಟರೆ ಎಷ್ಟೋ ಭಾರ ಇಳಿಯುತ್ತದೆ.

ಇನ್ನು ಬೇರೆ ಪ್ರಶ್ನಾವಳಿಯ ವಿಷಯ. ಥರ್ಮಾಮೀಟರಿನಲ್ಲಿ ಹೆಚ್ಚು ಬಂದವರಿಗೆ, ಅಥವಾ ಕಡಿಮೆ ಬಂದರೂ ನಿಮ್ಮ ಮನಸ್ಸಿಗೆ ಅನುಮಾನ ಹುಟ್ಟಿದವರಿಗೆ, ಎರಡನೆಯ ಹಂತದಲ್ಲಿ ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯನ್ನು ಬಳಸಬಹುದು. ಅದರಲ್ಲಿ ಒಂಬತ್ತು ಪ್ರಶ್ನೆಗಳಿವೆ. ಕಳೆದ ಎರಡು ವಾರದ ಬಗ್ಗೆ ಕೇಳಿ ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ ಕೊಡುತ್ತಾರೆ, ಒಟ್ಟು 27. ಹತ್ತು ಅಥವಾ ಹೆಚ್ಚು ಬಂದರೆ ವೈದ್ಯರು ನೋಡಬೇಕು. ಅದರ ಕನ್ನಡ ರೂಪ ಉಚಿತವಾಗಿ ಸಿಗುತ್ತದೆ, ಬಳಸಲು ಯಾರ ಅನುಮತಿಯೂ ಬೇಡ. ಆದರೆ ಒಂದು ಎಚ್ಚರಿಕೆ ಬೇಕು. ನಿದ್ದೆ, ಸುಸ್ತು, ಹಸಿವು, ಏಕಾಗ್ರತೆ, ಈ ನಾಲ್ಕೂ ಪ್ರಶ್ನೆಗಳಿಗೆ ಕೀಮೋ ಪಡೆಯುತ್ತಿರುವ ಯಾರೇ ಆದರೂ ‘ಹೌದು’ ಎನ್ನುತ್ತಾರೆ. ಆದ್ದರಿಂದ ಮೊತ್ತ ನೋಡುವ ಮುಂಚೆ, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಬೇಸರ, ತಾನು ಕೆಲಸಕ್ಕೆ ಬಾರದವನೆಂಬ ಭಾವ, ಸಾವಿನ ಯೋಚನೆ, ಈ ಪ್ರಶ್ನೆಗಳ ಉತ್ತರಗಳನ್ನು ಬೇರೆಯಾಗಿ ನೋಡಿ. ಆತಂಕ ಮತ್ತು ಖಿನ್ನತೆಯನ್ನು ಅಳೆಯಲು 1983ರಿಂದ ಬಳಕೆಯಲ್ಲಿರುವ ಎಚ್‌ಎಡಿಎಸ್ ಎಂಬ ಹದಿನಾಲ್ಕು ಪ್ರಶ್ನೆಗಳ ಹಾಳೆಯಲ್ಲಿ ಈ ಗೊಂದಲ ಬಾರದಿರಲೆಂದೇ ದೇಹದ ಲಕ್ಷಣಗಳನ್ನು ಬಿಟ್ಟಿದ್ದಾರೆ. ಆದರೆ ಅದಕ್ಕೆ ಪರವಾನಗಿ ಬೇಕಾಗುತ್ತದೆ.

ರಕ್ತದ ಕ್ಯಾನ್ಸರ್‌ನ ಮಕ್ಕಳಲ್ಲಿ ಇನ್ನೊಂದನ್ನು ಗಮನಿಸಬೇಕು. ಪ್ರೆಡ್ನಿಸೊಲೋನ್ ಅಥವಾ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಔಷಧಿ ನಡೆಯುತ್ತಿರುವ ದಿನಗಳಲ್ಲಿ ಸಿಡುಕು, ಅಳು, ನಿದ್ದೆಗೆಡುವುದು, ವಿಪರೀತ ಹಸಿವು ಸಹಜವಾಗಿಯೇ ಬರುತ್ತವೆ. ಆ ದಿನ ತುಂಬಿದ ಹಾಳೆಯ ಮೇಲೆ ಔಷಧಿಯ ಹೆಸರನ್ನೂ ದಿನಾಂಕವನ್ನೂ ಬರೆಯಿರಿ, ಸ್ಟೆರಾಯ್ಡ್ ನಿಂತ ಮೇಲೆ ಮತ್ತೊಮ್ಮೆ ಕೇಳಿ. ಆದರೆ ‘ಅದು ಮಾತ್ರೆಯಿಂದ ಬಿಡು’ ಎಂದು ಮಗುವಿಗೆ ಹೇಳಿ ಕೈತೊಳೆದುಕೊಳ್ಳುವುದೂ ಸರಿಯಲ್ಲ, ಏಕೆಂದರೆ ಕಾರಣ ಯಾವುದಾದರೂ ಸಂಕಟ ಮಗುವಿನದೇ. ರಕ್ತಹೀನತೆ, ಹಿಡಿತಕ್ಕೆ ಬಾರದ ನೋವು, ಥೈರಾಯ್ಡ್ ತೊಂದರೆ ಇವೂ ಮಂಕಿನಂತೆ ಕಾಣಿಸಿಕೊಳ್ಳಬಹುದಾದ್ದರಿಂದ ವೈದ್ಯರಿಗೆ ತಿಳಿಸುವಾಗ ಅವನ್ನೂ ಜೊತೆಗೆ ತಿಳಿಸಿ.

ಒಮ್ಮೆ ಕೇಳಿ ಮುಗಿಸುವ ಕೆಲಸ ಇದಲ್ಲ. ರೋಗ ತಿಳಿದ ಹೊಸತರಲ್ಲಿ, ಚಿಕಿತ್ಸೆಯ ಕ್ರಮ ಬದಲಾದಾಗ, ಶಸ್ತ್ರಚಿಕಿತ್ಸೆಯ ಮುಂಚೆ, ಕಾಯಿಲೆ ಮರುಕಳಿಸಿದಾಗ ಮತ್ತು, ಬಹಳ ಮಂದಿ ಮರೆಯುವ ಘಟ್ಟ, ಚಿಕಿತ್ಸೆ ಮುಗಿದ ಮೇಲೆ ಕೇಳಬೇಕು. ಲಿಂಫೋಬ್ಲಾಸ್ಟಿಕ್ ರಕ್ತದ ಕ್ಯಾನ್ಸರ್‌ನ ಚಿಕಿತ್ಸೆ ಎರಡರಿಂದ ಮೂರು ವರ್ಷ ನಡೆಯುತ್ತದೆ. ಆ ಅವಧಿಯಲ್ಲಿ ಹದಿನಾರರ ಹುಡುಗ ಹತ್ತೊಂಬತ್ತರ ಯುವಕನಾಗಿರುತ್ತಾನೆ. ಮೊದಲ ವರ್ಷ ಅವನು ಕೊಟ್ಟ ಉತ್ತರ ಮೂರನೆಯ ವರ್ಷಕ್ಕೆ ಹೊಂದುವುದಿಲ್ಲ.

ಉತ್ತರ 2
ಪದವಿ ವಿದ್ಯಾರ್ಥಿನಿ, ಚಿಂತಾಮಣಿ

ಸಿಸ್ಟರ್, ನನಗೆ ಹದಿನೆಂಟನೆಯ ವಯಸ್ಸಿನಲ್ಲಿ ಹಾಡ್ಜ್‌ಕಿನ್ ಲಿಂಫೋಮಾ ಬಂದಿತ್ತು, ಚಿಕಿತ್ಸೆ ಮುಗಿದಿದೆ, ಈಗ ಚೆನ್ನಾಗಿದ್ದೇನೆ. ನನಗೂ ಇಂಥದೇ ಹಾಳೆಯನ್ನು ಕೊಟ್ಟಿದ್ದರು. ಅದನ್ನು ತುಂಬುವ ಕಡೆಯಿಂದ ಹೇಗೆ ಕಾಣುತ್ತದೆಂದು ನಿಮಗೆ ತಿಳಿಸಬೇಕೆನಿಸಿತು.

ನಾನು ಪ್ರತಿಸಲವೂ ಒಂದು ಅಥವಾ ಎರಡನ್ನೇ ಗುರುತಿಸುತ್ತಿದ್ದೆ. ಸುಳ್ಳು ಹೇಳಬೇಕೆಂಬ ಉದ್ದೇಶವಿರಲಿಲ್ಲ. ದೊಡ್ಡ ಅಂಕಿ ಹಾಕಿದರೆ ಆ ದಿನದ ಡೋಸ್ ಮುಂದಕ್ಕೆ ಹೋಗಬಹುದು, ಮತ್ತೆ ಬಸ್ ಚಾರ್ಜ್, ಅಪ್ಪನಿಗೆ ಮತ್ತೊಂದು ದಿನದ ಕೂಲಿ ನಷ್ಟ ಎಂಬ ಲೆಕ್ಕ ನನ್ನ ತಲೆಯಲ್ಲಿರುತ್ತಿತ್ತು. ಆ ಹಾಳೆಗೂ ಕೀಮೋಗೂ ಸಂಬಂಧವಿಲ್ಲವೆಂದು ಯಾರೂ ಹೇಳಿರಲಿಲ್ಲ. ಜೊತೆಗೆ ಹಾಳೆಯನ್ನು ಓದುವವರು ಯಾರು ಎಂಬುದೂ ಗೊತ್ತಿರಲಿಲ್ಲ. ಅಮ್ಮನ ಕೈಗೆ ಫೈಲು ಸಿಗುತ್ತದೆ, ಅಮ್ಮ ಓದುತ್ತಾಳೆ ಎಂಬುದಂತೂ ಗೊತ್ತಿತ್ತು. ಅಮ್ಮ ನನ್ನ ಮುಂದೆ ಅಳದೆ ಗಟ್ಟಿಯಾಗಿ ಇರುವಾಗ ನಾನು ಎಂಟು ಎಂದು ಬರೆಯುವುದು ಹೇಗೆ? ಆದ್ದರಿಂದ ಕೇಳುವ ಮುಂಚೆ ಈ ಎರಡು ಮಾತುಗಳನ್ನು ದಯವಿಟ್ಟು ಹೇಳಿ: ನೀನು ಏನೇ ಬರೆದರೂ ನಿನ್ನ ಔಷಧಿ ನಿಲ್ಲುವುದಿಲ್ಲ, ಈ ಹಾಳೆ ಮನೆಗೆ ಹೋಗುವ ಫೈಲಿನಲ್ಲಿ ಇರುವುದಿಲ್ಲ.

ಕೇಳುವ ಜಾಗವೂ ಮುಖ್ಯ. ಎರಡು ಕುರ್ಚಿಗಳ ನಡುವೆ ಪರದೆಯೂ ಇಲ್ಲದ ಕಡೆ ‘ಮನಸ್ಸಿಗೆ ಹೇಗಿದೆಯಮ್ಮ’ ಎಂದು ಕೇಳಿದರೆ ಪಕ್ಕದಲ್ಲಿರುವ ನಾಲ್ಕು ಜನ ತಿರುಗಿ ನೋಡುತ್ತಾರೆ. ನನ್ನನ್ನು ನಿಜವಾಗಿ ಮಾತಾಡಿಸಿದವರು ರಕ್ತ ತೆಗೆಯಲು ಒಳಕೋಣೆಗೆ ಕರೆದೊಯ್ಯುತ್ತಿದ್ದ ಒಬ್ಬ ಸಿಸ್ಟರ್. ಅವರು ಮನಸ್ಸಿನ ಬಗ್ಗೆ ಕೇಳುತ್ತಲೇ ಇರಲಿಲ್ಲ, ‘ಕಾಲೇಜಿನವರು ಯಾರಾದರೂ ಫೋನ್ ಮಾಡ್ತಾರಾ’ ಎಂದು ಕೇಳಿದರು. ಯಾರೂ ಮಾಡುತ್ತಿರಲಿಲ್ಲ. ಅದನ್ನು ಹೇಳಿದ ಮೇಲೆ ಉಳಿದದ್ದೆಲ್ಲ ತಾನಾಗಿ ಬಂತು.

ಮೇಲೆ ಸರ್ ಬರೆದ ಹಾಗೆ, ಚಿಕಿತ್ಸೆ ಮುಗಿದ ಮೇಲಿನ ದಿನಗಳ ಬಗ್ಗೆ ನಾನೂ ಒತ್ತಿ ಹೇಳುತ್ತೇನೆ. ಕೀಮೋ ನಡೆಯುವಾಗ ಮುಂದಿನ ದಿನಾಂಕ ಗೊತ್ತಿರುತ್ತದೆ, ಸುತ್ತ ಜನ ಇರುತ್ತಾರೆ. ಮುಗಿದ ಮೇಲೆ ಎಲ್ಲರೂ ‘ಗೆದ್ದುಬಿಟ್ಟೆ’ ಎಂದು ಹೇಳಿ ಅವರವರ ಕೆಲಸಕ್ಕೆ ಹೋಗುತ್ತಾರೆ. ಕತ್ತಿನಲ್ಲಿ ಸಣ್ಣ ಗಂಟು ಸಿಕ್ಕಿದರೂ ರಾತ್ರಿಯೆಲ್ಲ ಕೈ ಅಲ್ಲೇ ಇರುತ್ತದೆ. ಸ್ಕ್ಯಾನ್ ದಿನ ಹತ್ತಿರ ಬಂದಂತೆ ಊಟ ಸೇರುವುದಿಲ್ಲ. ಮದುವೆಯ ಮಾತು ಬಂದಾಗ ಕಾಯಿಲೆಯ ವಿಷಯ ಹೇಳಬೇಕೋ ಬೇಡವೋ ಎಂದು ಮನೆಯವರು ಪಿಸುಗುಟ್ಟುವುದು ಕಿವಿಗೆ ಬೀಳುತ್ತದೆ. ಆಗ ನನ್ನನ್ನು ಯಾರೂ ಏನೂ ಕೇಳಲಿಲ್ಲ, ಏಕೆಂದರೆ ಆಗ ನಾನು ರೋಗಿಯಾಗಿರಲಿಲ್ಲ. ಫಾಲೋ ಅಪ್‌ಗೆ ಬರುವವರಿಗೂ ಈ ಹಾಳೆಯನ್ನು ಕೊಡಿ ಎಂಬುದು ನನ್ನ ವಿನಂತಿ.

ಉತ್ತರ 3
ತಾಯಿ, ಗೌರಿಬಿದನೂರು

ನನ್ನ ಮಗನಿಗೆ ಹದಿನೇಳು ವರ್ಷ, ಮೂಳೆಯ ಕ್ಯಾನ್ಸರ್‌ಗೆ ಚಿಕಿತ್ಸೆ ನಡೆಯುತ್ತಿದೆ. ಮೇಲಿನ ಮಗಳು ಬರೆದದ್ದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಆದರೂ ಹೆತ್ತವರ ಕಡೆಯಿಂದ ಒಂದು ಮಾತನ್ನು ಹೇಳಲೇಬೇಕು.

‘ನೀವು ಸ್ವಲ್ಪ ಆಚೆ ಇರಿ’ ಎಂದು ಒಮ್ಮೆಲೇ ಹೇಳಿದರೆ ನಮಗೆ ಎದೆ ಧಸಕ್ಕೆನ್ನುತ್ತದೆ. ಆಸ್ಪತ್ರೆಯಲ್ಲಿ ನಮ್ಮನ್ನು ಆಚೆ ಕಳಿಸುವುದು ಕೆಟ್ಟ ಸುದ್ದಿ ಇರುವಾಗ ಎಂಬುದು ನಮಗೆ ಅಭ್ಯಾಸವಾಗಿಹೋಗಿದೆ. ನಾವು ಮಗುವಿನ ಬದಲು ಉತ್ತರ ಹೇಳುವುದು ಅಧಿಕಾರ ತೋರಿಸಲು ಅಲ್ಲ. ಜ್ವರ ಎಷ್ಟಿತ್ತು, ಎಷ್ಟು ಸಲ ವಾಂತಿಯಾಯಿತು ಎಂದು ತಿಂಗಳುಗಟ್ಟಲೆ ನಾವೇ ಉತ್ತರಿಸಿ ಅದು ನಮ್ಮ ಕೆಲಸವೇ ಆಗಿಬಿಟ್ಟಿರುತ್ತದೆ. ಆದ್ದರಿಂದ ಮೊದಲ ದಿನವೇ, ಔಷಧಿಯ ವಿವರ ಹೇಳುವಾಗಲೇ, ‘ಹದಿಮೂರು ದಾಟಿದ ಎಲ್ಲ ಮಕ್ಕಳ ಜೊತೆಗೂ ನಾವು ಪ್ರತಿ ಸಲ ಹತ್ತು ನಿಮಿಷ ಒಂಟಿಯಾಗಿ ಮಾತಾಡುತ್ತೇವೆ, ಇದು ಇಲ್ಲಿಯ ಪದ್ಧತಿ, ನಿಮ್ಮ ಮಗುವಿಗೆ ಮಾತ್ರ ಅಲ್ಲ’ ಎಂದು ಹೇಳಿಬಿಡಿ. ಎಲ್ಲರಿಗೂ ಒಂದೇ ಎಂದರೆ ನಮಗೆ ನೋವಾಗುವುದಿಲ್ಲ.

ಇನ್ನೊಂದು ಮಾತು. ಮಗನನ್ನು ಒಳಗೆ ಕೇಳುತ್ತಿರುವ ಆ ಹತ್ತು ನಿಮಿಷದಲ್ಲಿ ಹೊರಗೆ ಕುಳಿತ ನಮ್ಮನ್ನೂ ಯಾರಾದರೂ ‘ನೀವು ಊಟ ಮಾಡಿದಿರಾ, ರಾತ್ರಿ ನಿದ್ದೆ ಬರುತ್ತಾ’ ಎಂದು ಕೇಳಲಿ. ನಾವು ಕುಸಿದರೆ ಮಗು ನಮಗಾಗಿ ಇನ್ನಷ್ಟು ಮುಚ್ಚಿಡುತ್ತದೆ.

ಪ್ರಶ್ನೆ ಕೇಳಿದವರು

ಅಮ್ಮ, ನಿಮ್ಮ ಮಾತನ್ನು ಖಂಡಿತ ಪಾಲಿಸುತ್ತೇನೆ. ರಕ್ತ ತೆಗೆಯುವ ಕೋಣೆ ನಮ್ಮಲ್ಲೂ ಬೇರೆಯಾಗಿಯೇ ಇದೆ, ಅಲ್ಲಿಗೆ ಸಾಮಾನ್ಯವಾಗಿ ಜೊತೆಯವರು ಬರುವುದಿಲ್ಲ, ಆದ್ದರಿಂದ ಮಾತನಾಡಲು ಅದೇ ಸರಿಯಾದ ಸ್ಥಳವೆಂದು ತೋರುತ್ತದೆ. ಆದರೆ ಎರಡು ವಿಷಯಗಳು ಉಳಿದಿವೆ. ಕಾಯಿಲೆಯ ಹೆಸರು ತಿಳಿಯದ ಮಗುವಿನ ವಿಷಯಕ್ಕೆ ಯಾರೂ ಉತ್ತರಿಸಿಲ್ಲ. ಇನ್ನೊಂದು, ಪಿಎಚ್‌ಕ್ಯೂ-9ರ ಕೊನೆಯ ಪ್ರಶ್ನೆ ಸಾವಿನ ಯೋಚನೆಯ ಬಗ್ಗೆ ಇದೆ. ಅದಕ್ಕೆ ಮಗು ‘ಹೌದು’ ಎಂದುಬಿಟ್ಟರೆ ಆ ಕ್ಷಣದಲ್ಲಿ ನಾನು ಏನು ಮಾಡಬೇಕು? ಹೇಳಬೇಡಿ ಎಂದು ಅದು ಕೇಳಿಕೊಂಡರೆ?

ಉತ್ತರ 4
ಮನೋವೈದ್ಯ, ಚಿಕ್ಕಬಳ್ಳಾಪುರ

ಮೊದಲು ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಅದು ಕಾಯಲಾರದ ವಿಷಯ. ಸಾವಿನ ಬಗ್ಗೆ ಕೇಳಿದರೆ ಮಗುವಿನ ತಲೆಯಲ್ಲಿ ಇಲ್ಲದ ಯೋಚನೆಯನ್ನು ನಾವೇ ಬಿತ್ತಿದಂತಾಗುತ್ತದೆಂಬ ಭಯ ಅನೇಕರಲ್ಲಿದೆ. ಅದು ನಿಜವಲ್ಲ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ‘ಹೌದು’ ಎಂಬ ಉತ್ತರ ಬಂದರೆ ಗಾಬರಿಯಾಗದೆ, ಗದರದೆ, ‘ಹಾಗೆಲ್ಲ ಅನ್ನಬಾರದು’ ಎಂದು ಬಾಯಿ ಮುಚ್ಚಿಸದೆ, ಇನ್ನೂ ಮೂರು ವಿಷಯಗಳನ್ನು ಸಮಾಧಾನವಾಗಿ ಕೇಳಿ. ಈ ಯೋಚನೆ ಎಷ್ಟು ಸಲ ಬರುತ್ತದೆ, ಹೇಗೆ ಮಾಡಿಕೊಳ್ಳಬೇಕೆಂದು ಯೋಚಿಸಿದ್ದುಂಟೇ, ಹಿಂದೆ ಯಾವಾಗಲಾದರೂ ಪ್ರಯತ್ನಿಸಿದ್ದುಂಟೇ. ‘ಈ ನೋವು ಸಾಕಾಗಿದೆ, ಮಲಗಿದರೆ ಏಳದಿದ್ದರೆ ಚೆನ್ನ’ ಎನ್ನುವ ಮಗುವಿಗೂ ದಾರಿಯನ್ನು ಲೆಕ್ಕ ಹಾಕಿಕೊಂಡಿರುವ ಮಗುವಿಗೂ ವ್ಯತ್ಯಾಸವಿದೆ. ಇಬ್ಬರಿಗೂ ಸಹಾಯ ಬೇಕು. ಎರಡನೆಯವರನ್ನು ಮಾತ್ರ ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು, ಅದೇ ದಿನ ಮನೋವೈದ್ಯರು ನೋಡಬೇಕು.

ಗುಟ್ಟಿನ ವಿಷಯದಲ್ಲಿ ಮಾತನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಿ. ‘ನೀನು ಹೇಳಿದ್ದು ನನ್ನಲ್ಲೇ ಇರುತ್ತದೆ, ಆದರೆ ನಿನ್ನ ಜೀವಕ್ಕೆ ಅಪಾಯವಿದೆಯೆಂದು ಅನ್ನಿಸಿದರೆ ಮಾತ್ರ ಡಾಕ್ಟರಿಗೂ ಮನೆಯವರಿಗೂ ಹೇಳುತ್ತೇನೆ, ಹೇಳುವ ಮುಂಚೆ ನಿನಗೆ ತಿಳಿಸುತ್ತೇನೆ’ ಎಂದು ಕೇಳುವ ಮೊದಲೇ ಹೇಳಿದರೆ ಆಮೇಲೆ ಮಾತು ಮುರಿದಂತಾಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಇದನ್ನೇ ಹೇಳುತ್ತದೆ. ಗೌಪ್ಯತೆ ರೋಗಿಯ ಹಕ್ಕು, ಜೀವಕ್ಕೆ ಅಪಾಯವಿದ್ದಾಗ ಅದಕ್ಕೆ ವಿನಾಯಿತಿ ಉಂಟು. ಹದಿನೆಂಟು ತುಂಬದವರ ವಿಷಯದಲ್ಲಿ ತಂದೆತಾಯಿಯೇ ಕಾನೂನಿನ ಪ್ರಕಾರ ಪ್ರತಿನಿಧಿಗಳು. ಹದಿನೆಂಟು ದಾಟಿದವರ ಉತ್ತರವನ್ನು ಅವರ ಒಪ್ಪಿಗೆಯಿಲ್ಲದೆ ಮನೆಯವರಿಗೆ ತೋರಿಸುವಂತಿಲ್ಲ. ನಮ್ಮಲ್ಲಿ ಇಪ್ಪತ್ತೆರಡರ ಯುವಕನನ್ನೂ ಮಗುವೆಂದೇ ನಡೆಸಿಕೊಳ್ಳುವ ರೂಢಿ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ನಮ್ಮ ಜಿಲ್ಲೆಗಳ ಮನೆಗಳನ್ನು ಬಲ್ಲವನಾಗಿ ಇನ್ನೊಂದು ಮಾತು. ಟೊಮೆಟೊ, ದ್ರಾಕ್ಷಿ, ಹೂವು ಬೆಳೆಯುವ ಮನೆಯ ಮೂಲೆಯಲ್ಲಿ ಕೀಟನಾಶಕದ ಡಬ್ಬಿ ಇದ್ದೇ ಇರುತ್ತದೆ. ಕ್ಯಾನ್ಸರ್ ರೋಗಿಯಿರುವ ಮನೆಯಲ್ಲಿ ಅದರ ಜೊತೆಗೆ ತೀವ್ರ ನೋವಿಗೆ ಕೊಡುವ ಮಾರ್ಫಿನ್ ಮಾತ್ರೆಯೂ ಇರಬಹುದು. ಅಪಾಯವಿದೆಯೆಂದು ತಿಳಿದ ದಿನವೇ ಎರಡನ್ನೂ ಬೀಗ ಹಾಕಿಡಲು, ಮಾತ್ರೆಗಳನ್ನು ಆಯಾ ದಿನದ ಲೆಕ್ಕಕ್ಕಷ್ಟೇ ಕೈಗೆ ಕೊಡಲು ಮನೆಯವರಿಗೆ ತಿಳಿಸಿ. ಜೀವ ಉಳಿಸುವ ಉಪಾಯಗಳಲ್ಲಿ ಇಷ್ಟು ಸುಲಭವಾದದ್ದು ಬೇರೆ ಇಲ್ಲ.

ಕಾಯಿಲೆಯ ಹೆಸರು ತಿಳಿಯದ ಮಗುವಿನ ಬಗ್ಗೆ. ಸಂಕಟವನ್ನು ವಿಚಾರಿಸಲು ಆ ಹೆಸರು ಬೇಕಿಲ್ಲ. ಮೊದಲ ಕೆಲಸವಾಗಿ ಹಾಳೆಯ ತಲೆಬರಹದಲ್ಲಿ ಕ್ಯಾನ್ಸರ್ ಎಂಬ ಪದವಿದ್ದರೆ ತೆಗೆಸಿಬಿಡಿ. ಆಮೇಲೆ, ‘ನಿನಗೆ ಈ ಔಷಧಿ ಯಾಕೆ ಕೊಡುತ್ತಿದ್ದಾರೆಂದು ನಿನಗೆ ಅನ್ನಿಸುತ್ತದೆ?’ ಎಂದು ಮಗುವನ್ನೇ ಕೇಳಿ. ಹೆಚ್ಚಿನ ಹದಿಹರೆಯದವರು ಬಾಟಲಿಯ ಮೇಲಿನ ಹೆಸರನ್ನು ಫೋನಿನಲ್ಲಿ ಹುಡುಕಿ ಎಲ್ಲವನ್ನೂ ತಿಳಿದುಕೊಂಡಿರುತ್ತಾರೆ, ಹೆತ್ತವರಿಗಾಗಿ ತಿಳಿಯದವರಂತೆ ಇರುತ್ತಾರೆ. ನೀವಾಗಿ ಹೆಸರನ್ನು ಹೇಳಬೇಡಿ, ಕೇಳಿದರೆ ಸುಳ್ಳನ್ನೂ ಹೇಳಬೇಡಿ. ‘ಇದನ್ನು ನಿನಗೆ ಸರಿಯಾಗಿ ವಿವರಿಸಲು ಡಾಕ್ಟರನ್ನೂ ಅಮ್ಮನನ್ನೂ ಕೂರಿಸಿ ಮಾತಾಡೋಣವೇ’ ಎಂದು ಕೇಳಿ, ಹೆತ್ತವರಿಗೆ ಮಗುವಿನ ಮಾತನ್ನು ತಿಳಿಸಿ, ಮುಂದಿನದನ್ನು ಚಿಕಿತ್ಸೆ ನೀಡುವ ವೈದ್ಯರಿಗೆ ಬಿಡಿ.

ಕೊನೆಯದಾಗಿ, ತುಮಕೂರಿನ ಮಿತ್ರರು ಬರೆದದ್ದಕ್ಕೆ ನನ್ನ ಒಂದು ತಕರಾರಿದೆ. ಹೆಚ್ಚು ಅಂಕಿ ಬಂದವರನ್ನು ಯಾರು, ಎಲ್ಲಿ, ಎಷ್ಟು ದಿನದೊಳಗೆ ನೋಡುತ್ತಾರೆಂಬುದು ಬರವಣಿಗೆಯಲ್ಲಿ ಇಲ್ಲದೆ ಈ ತಪಾಸಣೆಯನ್ನು ಆರಂಭಿಸಲೇಬಾರದು. ಮಗು ಎದೆ ಬಿಚ್ಚಿ ಒಂಬತ್ತು ಎಂದು ಬರೆದ ಮೇಲೆ ಯಾರೂ ಬಾರದಿದ್ದರೆ ಅದು ಮತ್ತೆ ಯಾರಿಗೂ ಏನನ್ನೂ ಹೇಳುವುದಿಲ್ಲ. ದಾರಿಗಳು ಇಲ್ಲದಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಪ್ರತಿ ಜಿಲ್ಲೆಯಲ್ಲಿದೆ. ದೇಶಕ್ಕೆಲ್ಲ ಮಾದರಿಯಾದ ಈ ವ್ಯವಸ್ಥೆಯನ್ನು ನಿಮ್ಹಾನ್ಸ್ ಮೊದಲು ರೂಪಿಸಿದ್ದು ನಮ್ಮ ಬಳ್ಳಾರಿಯಲ್ಲಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರು ಸಿಗುವ ಏರ್ಪಾಡಿದೆ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಇವುಗಳೊಂದಿಗೆ ನಿಮ್ಮ ಆಸ್ಪತ್ರೆ ಮೊದಲು ಮಾತು ಮುಗಿಸಿಕೊಳ್ಳಲಿ.

ಉತ್ತರ 1 ಬರೆದವರು

ಡಾಕ್ಟರ ಮಾತಿನಲ್ಲಿ ಬಹುಪಾಲನ್ನು ಒಪ್ಪುತ್ತೇನೆ, ಆದರೆ ಎಲ್ಲವೂ ಸಿದ್ಧವಾಗುವವರೆಗೆ ಆರಂಭಿಸಬಾರದೆಂಬುದನ್ನು ಒಪ್ಪಲಾರೆ. ಸಣ್ಣ ಆಸ್ಪತ್ರೆಗಳಲ್ಲಿ ‘ವ್ಯವಸ್ಥೆ ಆಗಲಿ, ಆಮೇಲೆ ನೋಡೋಣ’ ಎಂದರೆ ಅದು ಎಂದಿಗೂ ಆಗುವುದಿಲ್ಲವೆಂದೇ ಅರ್ಥ. ಅಂಕಿ ಹೆಚ್ಚು ಬಂದವರೆಲ್ಲರಿಗೂ ಮನೋವೈದ್ಯರು ಬೇಕಾಗುವುದೂ ಇಲ್ಲ. ಒಬ್ಬನಿಗೆ ಶಾಲೆಗೆ ಬರೆಯುವ ಪತ್ರ, ಒಬ್ಬಳಿಗೆ ನೋವಿನ ಮಾತ್ರೆಯ ಬದಲಾವಣೆ, ಇನ್ನೊಬ್ಬನಿಗೆ ಮುಂದೆ ಮಕ್ಕಳಾಗುವ ಅವಕಾಶಕ್ಕಾಗಿ ಕೀಮೋ ಆರಂಭಕ್ಕೆ ಮುಂಚೆ ವೀರ್ಯವನ್ನು ಶೇಖರಿಸಿಡಬಹುದೆಂಬ ಮಾಹಿತಿ, ಇಷ್ಟೇ ಬೇಕಾಗಿರಬಹುದು. ಅದಕ್ಕೆ ದಾರಿ ತೋರಿಸಲು ಸಿಸ್ಟರ್ ಒಬ್ಬರಿಂದಲೇ ಸಾಧ್ಯ. ಸಾವಿನ ಯೋಚನೆಯುಳ್ಳವರಿಗೆ ಹೋಗಬೇಕಾದ ದಾರಿ ಮಾತ್ರ ಮೊದಲ ದಿನವೇ ಗೊತ್ತಿರಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ.

ಉತ್ತರ 4 ಬರೆದವರು

ಆ ಒಂದು ದಾರಿ ಬರವಣಿಗೆಯಲ್ಲಿದ್ದು, ಫೋನ್ ಸಂಖ್ಯೆಯೊಂದಿಗೆ ನರ್ಸಿಂಗ್ ಸ್ಟೇಷನ್ನಿನ ಗೋಡೆಯ ಮೇಲಿದ್ದರೆ ಆರಂಭಿಸಬಹುದು, ನನ್ನ ತಕರಾರಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಜಿಲ್ಲಾ ಮಾನಸಿಕ ಆರೋಗ್ಯ ತಂಡದೊಂದಿಗೆ ಮಾತನಾಡಲು ನಮ್ಮ ವಿಭಾಗದ ಮುಖ್ಯಸ್ಥರನ್ನು ಕೇಳಿಕೊಂಡಿದ್ದೇನೆ. ಹಾಳೆಯ ತಲೆಬರಹವನ್ನು ಬದಲಿಸಿ, ಮಕ್ಕಳ ಹಾಳೆಗಳನ್ನು ನಮ್ಮಲ್ಲೇ ಬೇರೆ ಫೈಲಿನಲ್ಲಿ ಇಡಲು ಒಪ್ಪಿಗೆ ಸಿಕ್ಕಿದೆ. ಒಂದು ಸಣ್ಣ ವಿಷಯ ಮಾತ್ರ ಉಳಿದಿದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆಯಿಂದ ಬರುವ ಎಷ್ಟೋ ಮಕ್ಕಳ ಮನೆಮಾತು ತೆಲುಗು. ಕನ್ನಡ ಓದುತ್ತಾರೆ, ಆದರೆ ಮನಸ್ಸಿನ ಮಾತು ಬಂದಾಗ ತೆಲುಗಿಗೆ ಹೊರಳುತ್ತಾರೆ. ಅವರಿಗೆ ಏನು ಮಾಡಲಿ?

ಉತ್ತರ 1 ಬರೆದವರು

ಪಿಎಚ್‌ಕ್ಯೂ-9ರ ತೆಲುಗು ರೂಪವೂ ಉಚಿತವಾಗಿ ಸಿಗುತ್ತದೆ, ಅದನ್ನು ಕನ್ನಡದ್ದರ ಜೊತೆಗೇ ಇಟ್ಟುಕೊಂಡು ಯಾವುದು ಬೇಕೆಂದು ಮಗುವನ್ನೇ ಕೇಳಿ. ತೊಂದರೆಗಳ ಪಟ್ಟಿಯನ್ನು ತೆಲುಗು ಮನೆಮಾತಿನ ಇಬ್ಬರು ಸಿಬ್ಬಂದಿ ಬೇರೆಬೇರೆಯಾಗಿ ಬರೆದು, ಆಮೇಲೆ ಜೊತೆಗೆ ಕುಳಿತು ಹೋಲಿಸಿಕೊಳ್ಳಲಿ. ಓದಲು ಬಾರದವರಿಗೆ ಅದನ್ನು ತೆಲುಗು ಬಲ್ಲ ಸಿಬ್ಬಂದಿಯೇ ಓದಿ ಹೇಳಬೇಕು. ಎಷ್ಟೇ ಅವಸರವಿದ್ದರೂ ಆ ಕೆಲಸವನ್ನು ಜೊತೆಗೆ ಬಂದ ತಾಯಿಗೋ ಅಣ್ಣನಿಗೋ ಒಪ್ಪಿಸಬೇಡಿ.